ಹೊಟ್ಟೆ ತೀಡಿಸುವ ಮೊದಲು

ಮನೆಯ ಹಿರಿಯರ ಹೃದಯಕ್ಕೆ ಸ್ಟೆಂಟ್ ಹಾಕಿಸಿದೊಡನೆ ನಿಮ್ಮ ಕರ್ತವ್ಯ ಮುಗಿಯಿತೆಂದು ನಿಮಗೆ ಹೇಳಿದವರು ಯಾರು?

ಶ್ರೀನಿವಾಸಪುರದಲ್ಲಿ ಮಾವಿನಹಣ್ಣಿಗೆ ಮರದ ಪೆಟ್ಟಿಗೆ ಮಾಡುವ ಜಾನ್ ಪಾಷಾ ಅವರಿಗೆ ಅರವತ್ತೆಂಟು ವರ್ಷ. ಹೃದಯದಲ್ಲಿ ಸ್ಟೆಂಟ್, ಬಾಯಲ್ಲಿ ಬೀಡಿ. ಈಚೆಗೆ ಮಲಗಿದಾಗ ಹೊಕ್ಕುಳ ಮೇಲೆ ಏನೋ ಬಡಿದುಕೊಳ್ಳುತ್ತಿತ್ತು, ಬೆನ್ನೂ ನೋಯುತ್ತಿತ್ತು. ‘ಬಟ್ಟಿ ಬಿದ್ದಿದೆ’, ಅಂದರೆ ಹೊಕ್ಕುಳ ನಾಡಿ ಜಾಗ ತಪ್ಪಿದೆ, ಎಂದು ಹೆಂಡತಿ ರಹೀಮಾ ಸೇರಿ ಮನೆಯವರೇ ತೀರ್ಪು ಕೊಟ್ಟು, ಹೊಟ್ಟೆ ತೀಡುವ ಮುತ್ಯಾಲಮ್ಮನವರನ್ನು ಕರೆಸಿದರು.

ಆಕೆ ಕೈಗೆ ಹರಳೆಣ್ಣೆ ಹಚ್ಚಿಕೊಳ್ಳುವಷ್ಟರಲ್ಲಿ ನೆರೆಮನೆಯ ಚನ್ನರಾಯಪ್ಪ ಒಳಗೆ ಬಂದರು.

“ಒತ್ತಬೇಡ ಮುತ್ಯಾಲಮ್ಮ. ಪಾಷಾ, ಏಳು, ಸ್ಕ್ಯಾನ್ ಮಾಡ್ಸೋಣ.”

“ಅರೆ, ಎದೇದು ಸ್ಕ್ಯಾನ್ ಎಲ್ಲಾ ಆಗೈತಲ್ಲಪ್ಪ! ಹೊಟ್ಟೆಗೂ ಹಾರ್ಟಿಗೂ ಏನ್ ಸಂಬಂಧ? ನೀನ್ಯಾವಾಗ ಡಾಕ್ಟ್ರಾದೆ?” ಪಾಷಾ ನಕ್ಕರು.

“ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ ಹೊಟ್ಟೇಲೇ ಇಳಿಯೋದು ಕಣೋ. ವಯಸ್ಸು, ಬೀಡಿ, ಬಿಪಿ ಸೇರಿದ್ರೆ ಸವೆದ ಸೈಕಲ್ ಟ್ಯೂಬ್ ಥರ ಉಬ್ಬುತ್ತೆ. ಒಡೆದ್ರೆ ಆಸ್ಪತ್ರೆ ಬಾಗಿಲು ಮುಟ್ಟೋರೇ ಕಮ್ಮಿ.”

“ಏಮೀ ಲೇದು, ಏನೂ ಆಗಲ್ಲ, ಸುಮ್ಕೆ ಹೆದರಿಸ್ಬೇಡ,” ಎಂದರು ಮುತ್ಯಾಲಮ್ಮ. “ನಾನೆಷ್ಟು ಹೊಟ್ಟೆ ತೀಡಿಲ್ಲ!”

“ನಮ್ಮಣ್ಣಂದೂ ನೀನೇ ತೀಡಿದೆ. ಅವನಿಗೂ ಹಿಂಗೇ ಹೊಡ್ಕೊಳ್ತಿತ್ತು. ಮಾರನೇ ದಿನ ಬೆನ್ನು ಹಿಡ್ಕೊಂಡು ಕುಸಿದ. ನಾಳ ಒಡೀತು ಅಂದ್ರು ಡಾಕ್ಟ್ರು. ಕರೆಸಿದ್ದು ನಾವು, ನಿನ್ನ ಬೈತಿಲ್ಲ. ಇನ್ನೊಬ್ಬನ ಹೊಟ್ಟೆ ಮುಟ್ಟಬೇಡ, ಅಷ್ಟೇ.”

ಮುತ್ಯಾಲಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡರು. “ನಂಗೊತ್ತಿರಲಿಲ್ಲಪ್ಪ... ರಹೀಮಾ, ಕರ್ಕೊಂಡ್ಹೋಗು ಇವರನ್ನ.”

ಪಾಷಾರ ನಗು ಇಂಗಿತ್ತು. “ಸೀಸನ್ ಮುಗೀಲಿ, ನೋಡೋಣ...”

“ಪೆಟ್ಟಿಗೆ ಒಡೆದ್ರೆ ಇನ್ನೊಂದು ಹೊಡೀತೀರಿ. ನೀವು ಒಡೆದ್ರೆ ನಾನೇನ್ ಹೊಡೀಲಿ? ಏಳ್ರೀ ಮೇಲೆ!” ರಹೀಮಾ ಆಗಲೇ ಚಪ್ಪಲಿ ಮೆಟ್ಟಿದ್ದರು.

ಕೋಲಾರದಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಸೂಜಿಯಿಲ್ಲ, ನೋವಿಲ್ಲ. ನಾಳ ಅಪಾಯದ ಮಟ್ಟಕ್ಕೆ ಉಬ್ಬಿತ್ತು, ಒಡೆದಿರಲಿಲ್ಲ. ಅಂದೇ ದಾಖಲಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿದರು. ಪಾಷಾ ಬದುಕಿದ್ದಾರೆ, ಬೀಡಿ ಬಿಟ್ಟಿದ್ದಾರೆ. ಚನ್ನರಾಯಪ್ಪನವರ ಅಣ್ಣನ ಕಾಲದಲ್ಲೂ ಇದೇ ಸ್ಕ್ಯಾನ್ ಇತ್ತು. ಆತನ ಪರವಾಗಿ ಅದನ್ನು ಕೇಳುವವರು ಇರಲಿಲ್ಲ.

ಈ ಉಬ್ಬು ಬಹುಮಂದಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ ಬಡಿತಕ್ಕಾಗಿ ಕಾಯಬೇಡಿ. ಬಡಿತ ಕಂಡರೆ ತೀಡಿಸಲೂ ಬೇಡಿ. ಹೊಟ್ಟೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ತೀವ್ರ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದ, ಹೃದ್ರೋಗವಿರುವ, ಬೀಡಿ ಸಿಗರೇಟು ಸೇದುವ ಅಥವಾ ಹಿಂದೆ ಸೇದುತ್ತಿದ್ದ ಹಿರಿಯರಿದ್ದರೆ ಈ ವಾರವೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. “ಹೊಟ್ಟೆಯ ರಕ್ತನಾಳದ ಸ್ಕ್ಯಾನ್ ಬೇಕೇ?” ಎಂದು ನೀವೇ ಬಾಯಿಬಿಟ್ಟು ಕೇಳಿರಿ.