ಬಹೀಜಾಳ ಕಾಲರ್ ಟ್ಯೂನ್

ಹೈಸಮನಿಗೆ ಅಭಿಪ್ರಾಯವಿಲ್ಲದ ವಸ್ತು ಇಡೀ ಅಲೆಕ್ಸಾಂಡ್ರಿಯಾದಲ್ಲಿ ಇರಲಿಲ್ಲ. ಪೇಟೆಗೆ ಹೊಸ ಫೋನು ಬಂತೆಂದರೆ ಕ್ಯಾಮೆರಾದ ಮುಂದೆ ಕೂತು ಅದರ ಡಬ್ಬಿ ಬಿಚ್ಚಿ, ಬೆನ್ನು ತಟ್ಟಿ, ಎರಡು ಮಾತು ಹೊಗಳಿ ನಾಲ್ಕು ಮಾತು ಬೈದು ತೀರ್ಪು ಕೊಡುತ್ತಿದ್ದ. ಇಯರ್‌ಫೋನು, ಟಿವಿ, ಮಳೆ ಬಂದರೆ ಮಲಗುವ ಇಂಟರ್ನೆಟ್ಟು, ಹೇಳದೆ ಕೇಳದೆ ತಿಂಗಳ ಚಂದಾ ಕೀಳುವ ಸಿನಿಮಾ ಆ್ಯಪು, ಯಾವುದನ್ನೂ ಬಿಟ್ಟವನಲ್ಲ. 'ಬಿಚ್ಚಿ ನೋಡು' ಎಂಬ ಅವನ ಚಾನೆಲ್ ನೋಡದೆ ಮಗಳ ಮದುವೆಗೆ ಫ್ರಿಜ್ಜು ಕೊಳ್ಳದ ಅಪ್ಪಂದಿರು ಆ ಊರಲ್ಲಿದ್ದರು. ಅಂಥವನು ಚಳಿಗಾಲದಿಂದ ಈಚೆಗೆ ದಿನಾ ಬೆಳಿಗ್ಗೆ ಚಹಾ ಕುಡಿದು, ಸತ್ತುಹೋದ ತಾಯಿಗೆ ಫೋನ್ ಮಾಡುತ್ತಿದ್ದ.

ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಮಾತೂ ಅಲ್ಲ ಬಿಡಿ.

ಬಹೀಜಾ ಬದುಕಿದ್ದಾಗ ತನ್ನ ನಂಬರಿಗೆ ಕಾಲರ್ ಟ್ಯೂನ್ ಹಾಕಿಸಿಕೊಂಡಿದ್ದಳು. ಹಾಡಲ್ಲ, ಪ್ರಾರ್ಥನೆಯಲ್ಲ, ಅವಳದೇ ದನಿ. ಆ ಕಡೆ ಫೋನು ರಿಂಗಾಗುತ್ತಿರುವಷ್ಟು ಹೊತ್ತೂ ಈ ಕಡೆ ಕಿವಿಗಿಟ್ಟುಕೊಂಡವರಿಗೆ ಅದೇ ಕೇಳುತ್ತಿತ್ತು: "ಬಂದೆ, ಬಂದೆ. ಕೈಯೆಲ್ಲ ಹಿಟ್ಟು. ಕಟ್ ಮಾಡ್ಬೇಡ, ಸ್ವಲ್ಪ ತಾಳು." ಹಿಂದೆ ಪಾತ್ರೆ ಇಟ್ಟ ಸದ್ದು, ಅದರ ಹಿಂದೆ ಬೀದಿಯ ಟ್ರಾಮ್. ಮತ್ತೆ ಮೊದಲಿಂದ, "ಬಂದೆ, ಬಂದೆ." ರಿಂಗು ನಿಂತ ಮೇಲೆ ಫೋನ್ ಕಂಪನಿಯ ಹೆಂಗಸು ಬಂದು ಉತ್ತರವಿಲ್ಲ ಎನ್ನುತ್ತಿದ್ದಳು. ಹೈಸಮ್ ಫೋನು ಕೆಳಗಿಟ್ಟು ಕೆಲಸಕ್ಕೆ ಏಳುತ್ತಿದ್ದ.

ತಾಯಿಯ ಫೋನು ಊರಿನ ಹಳೇ ಬಡಾವಣೆ ಅತ್ತಾರೀನಿನ ಅವಳ ಮನೆಯಲ್ಲೇ, ಬಾಲ್ಕನಿಗೆ ತಾಗಿದ ಮೇಜಿನ ಮೇಲೆ, ಚಾರ್ಜರಿಗೆ ಚುಚ್ಚಿದಂತೆಯೇ ಇತ್ತು. ಫೋನು ಸತ್ತರೆ ಟ್ಯೂನೂ ಕೇಳುವುದಿಲ್ಲ. ಕರೆನ್ಸಿ ಮುಗಿಯದಂತೆ ಹೈಸಮನೇ ಹಾಕಿಸುತ್ತಿದ್ದ. ಅದನ್ನು ಊರಿನ ಇನ್ನೊಂದು ತುದಿಯ ಮಂದರಾದ ತನ್ನ ಮನೆಗೆ ತಂದಿಟ್ಟುಕೊಳ್ಳಬಹುದಿತ್ತು, ತರಲಿಲ್ಲ. ಇಲ್ಲಿ ಕರೆ ಮಾಡಿ, ಇಲ್ಲೇ ಪಕ್ಕದಲ್ಲಿ ಅದು ರಿಂಗಾಗಿ, ಎತ್ತುವವರು ಯಾರೂ ಇಲ್ಲವೆಂದು ಕಣ್ಣಾರೆ ನೋಡುವ ಧೈರ್ಯ ಅವನಿಗಿರಲಿಲ್ಲ. ದೂರದಲ್ಲಿದ್ದರೆ ಅಮ್ಮ ಇನ್ನೂ ಕೈ ತೊಳೆದುಕೊಳ್ಳುತ್ತಿರಬಹುದು.

ಭಾನುವಾರ ಅವನಿಗೆ ಕಂಪನಿಯಿಂದ ಸಂದೇಶ ಬಂತು. ಗ್ರಾಹಕರ ಒತ್ತಾಯದ ಮೇರೆಗೆ ಕಾಲರ್ ಟ್ಯೂನ್ ಸೇವೆಯನ್ನು ಗುರುವಾರ ರಾತ್ರಿಗೆ ಪೂರ್ತಿ ನಿಲ್ಲಿಸಲಾಗುವುದು, ತಮ್ಮ ಸಹಕಾರಕ್ಕೆ ವಂದನೆ.

ಗ್ರಾಹಕರ ಒತ್ತಾಯ ಎಂದರೆ ಬೇರೆ ಯಾರೂ ಅಲ್ಲ, ಇವನೇ. ಹೋದ ವರ್ಷ ಒಂದು ವಿಡಿಯೊ ಮಾಡಿದ್ದ. ಕೇಳದವರಿಗೂ ಟ್ಯೂನ್ ಅಂಟಿಸಿ, ಮುದುಕ ಮುದುಕಿಯರ ಕರೆನ್ಸಿ ಕೊರೆಯುತ್ತಾರೆ ಎಂದು ಕಂಪನಿಯನ್ನು ಹಿಗ್ಗಾಮುಗ್ಗಾ ಝಾಡಿಸಿದ್ದ. ಕೊನೆಗೆ ಕ್ಯಾಮೆರಾಕ್ಕೆ ಕಣ್ಣು ಹೊಡೆದು, "ಕಾಲರ್ ಟ್ಯೂನ್ ಇಟ್ಕೊಂಡಿರೋರು ಇನ್ನೂ ಯಾರಾದ್ರೂ ಬದುಕಿದಾರಾ?" ಎಂದಿದ್ದ. ಜನ ಬಿದ್ದು ಬಿದ್ದು ನಕ್ಕರು. ಅದೇ ವಿಡಿಯೊದಲ್ಲಿ ರನ್ನಾವನ್ನು ಹೊಗಳಿದ್ದ. ಒಂದು ರಿಂಗು ಕೊಟ್ಟು ಕಟ್ ಮಾಡುವುದಕ್ಕೆ ಅಲ್ಲಿ ರನ್ನಾ ಎನ್ನುತ್ತಾರೆ. ತಲುಪಿದೆ, ಬಾಗಿಲಲ್ಲಿದ್ದೇನೆ, ನೆನಪಾಯಿತು, ಎಲ್ಲದಕ್ಕೂ ಒಂದು ರನ್ನಾ. ಕೊಟ್ಟವನಿಗೂ ಖರ್ಚಿಲ್ಲ, ತಗೊಂಡವನಿಗೂ ಇಲ್ಲ. ಎತ್ತಿಬಿಟ್ಟರೆ ಮಾತ್ರ ಕೊಟ್ಟವನ ಕಾಸು ಹೋಗುತ್ತದೆ, ಹಾಗಾಗಿ ರನ್ನಾ ಎತ್ತುವವನನ್ನು ಜನ ಒರಟನೆಂದು ಬೈಯುತ್ತಾರೆ. "ಕಂಪನಿ ಕೊಟ್ಟ ಸೇವೆಗಳಲ್ಲಿ ಒಳ್ಳೇದು ಇದೊಂದೇ, ಅದನ್ನೂ ನಾವೇ ಕಂಡುಹಿಡಿದಿದ್ದು" ಎಂದಿದ್ದ ಹೈಸಮ್.

ಆ ವಿಡಿಯೊ ನೋಡಿ ಬಹೀಜಾ ಮಗನಿಗೆ ಫೋನ್ ಮಾಡಿದ್ದಳು.

"ನಂದೂ ಒಂದು ಟ್ಯೂನ್ ಇದೆಯಲ್ಲೋ, ಕಂದ."

"ತೆಗೆಸಿ ಹಾಕಮ್ಮ. ದುಡ್ಡು ದಂಡ."

"ಇರ್ಲಿ ಬಿಡು. ಯಾರೋ ಒಬ್ರಿಗೆ ಬೇಕಾಗತ್ತೆ."

ಈಗ ಭಾನುವಾರದಿಂದ ಅವನ ಚಾನೆಲ್ಲಿನ ಕೆಳಗೆ ಅಭಿನಂದನೆಯ ಸುರಿಮಳೆ. ಭಲೇ, ಕಂಪನಿಯ ಕಿವಿ ಹಿಂಡಿದೆ, ನೀನೇ ಗಂಡು. ಹೈಸಮ್ ಒಂದಕ್ಕೂ ಉತ್ತರ ಬರೆಯಲಿಲ್ಲ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಒಂದೇ ಒಂದು ನಂಬರಿಗೆ ಉಳಿಸಿಕೊಡಿ ಎಂದು ಅಂಗಲಾಚಿದ. ಆ ಕಡೆಯ ಹುಡುಗಿ ಅವನ ಹೆಸರು ಕೇಳಿ ಬೆಚ್ಚಿಬಿದ್ದು, "ಸರ್, ಇದೂ ವಿಡಿಯೊಗಾ?" ಎಂದಳು.

ಸೋಮವಾರ ತನ್ನಲ್ಲಿದ್ದ ಅತ್ಯುತ್ತಮ ಮೈಕು ಇಟ್ಟು ಟ್ಯೂನನ್ನು ರೆಕಾರ್ಡ್ ಮಾಡಿಕೊಂಡ. ಗರಗರವೆನ್ನುವುದನ್ನೆಲ್ಲ ತೆಗೆದು ಶುದ್ಧ ಮಾಡಿ, ಕಣ್ಣು ಮುಚ್ಚಿ ಕೇಳಿದ. ದನಿ ಅದೇ, ಪಾತ್ರೆ ಅದೇ, ಟ್ರಾಮ್ ಕೂಡ ಅದೇ. ಆದರೆ ಅದರಲ್ಲಿ ಏನೂ ಇರಲಿಲ್ಲ. ಕರೆ ಮಾಡಿದಾಗ ಅವಳು ಯಾವ ಗಳಿಗೆಯಲ್ಲಾದರೂ ಎತ್ತಬಹುದಿತ್ತು, ಈ ಫೈಲಿನಲ್ಲಿ ಎತ್ತುವುದಿಲ್ಲ. ಫೈಲಿನೊಳಗೆ ಅವಳು ಸತ್ತುಹೋಗಿದ್ದಳು. ಹೈಸಮ್ ಮೈಕನ್ನು ಡಬ್ಬಿಗೆ ಹಾಕಿ, ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತ.

ಬುಧವಾರ ಬೆಳಿಗ್ಗೆ ಕೇಳಿದ್ದು ಸಾಲಲಿಲ್ಲ. ಇನ್ನು ಒಂದೇ ದಿನ ಎಂಬ ಹಸಿವು. ಸೂರ್ಯ ಮುಳುಗುವ ಹೊತ್ತಿಗೆ, ಎಂದೂ ಮಾಡದವನು, ಇನ್ನೊಮ್ಮೆ ಮಾಡಿದ.

"ನೀವು ಕರೆ ಮಾಡಿದವರು ಈಗ ಬೇರೊಬ್ಬರೊಂದಿಗೆ ಮಾತನಾಡುತ್ತಿದ್ದಾರೆ," ಎಂದಳು ಕಂಪನಿಯ ಹೆಂಗಸು.

ಹೈಸಮ್ ಕಟ್ ಮಾಡಿ ಮತ್ತೆ ಮಾಡಿದ. ಅದೇ ಮಾತು. ಮೂರನೆಯ ಸಲವೂ ಅದೇ. ಬೀಗ ಹಾಕಿದ ಮನೆ, ಮಣ್ಣಾದ ಹೆಂಗಸು, ಬೇರೊಬ್ಬರೊಂದಿಗೆ ಮಾತು. ನೆಟ್‌ವರ್ಕ್ ತೊಂದರೆ ಎಂದುಕೊಂಡ. ಸಾಲ ಬೇಕಾ ಎಂದು ಪೀಡಿಸುವವರ ಯಂತ್ರವಿರಬೇಕು ಎಂದುಕೊಂಡ. ದೆವ್ವಕ್ಕಾದರೂ ಸಿಗ್ನಲ್ ಬೇಡವೇ ಎಂದು ತನ್ನನ್ನೇ ಗೇಲಿ ಮಾಡಿಕೊಂಡ.

ತಾಯಿಯ ಪಕ್ಕದ ಮನೆಯ ಉಮ್ಮ್ ಗಿರ್ಗಿಸ್‌ಗೆ ಫೋನ್ ಹಚ್ಚಿದ. ಮನೆಯ ಬೀಗದ ಕೈ ಅವಳ ಹತ್ತಿರವೇ ಇತ್ತು.

"ಚಿಕ್ಕಮ್ಮ, ಅಮ್ಮನ ಮನೇಲಿ ಯಾರಾದ್ರೂ ಇದಾರಾ?"

"ಯಾರಿರ್ತಾರೆ ಮಗಾ? ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

"ಫೋನಿನ ಸದ್ದು ಏನಾದ್ರೂ ಕೇಳುತ್ತಾ?"

"ಕೇಳದೆ ಏನು? ದಿನಾ ಇದೇ ಹೊತ್ತಿಗೆ ಗೋಡೆ ಆಚೆ ಗುಂಯ್ ಅನ್ನುತ್ತೆ. ನಿಲ್ಲುತ್ತೆ, ಮತ್ತೆ ಗುಂಯ್. ನಾನು ಶಿಲುಬೆ ಗುರುತು ಹಾಕ್ಕೊಂಡು ಟಿವಿ ಜೋರು ಮಾಡ್ತೀನಿ. ಪಾಪ, ಹುಡುಗನಿಗೆ ತಾಯಿ ನೆನಪು ಅಂತ."

"ನಾನು ಮಾಡೋದು ಬೆಳಿಗ್ಗೆ ಚಿಕ್ಕಮ್ಮ."

ಉಮ್ಮ್ ಗಿರ್ಗಿಸ್ ಟಿವಿಯ ಸದ್ದು ತಗ್ಗಿಸಿದಳು. "ಹಾಗಾದ್ರೆ ಸಂಜೆ ಮಾಡೋದು ಯಾರು?" ಎಂದು ಮೆಲ್ಲಗೆ ಕೇಳಿದಳು.

ಗುರುವಾರ ಬೆಳಿಗ್ಗೆ ಅವನು ತಾಯಿಗೆ ಫೋನ್ ಮಾಡಲಿಲ್ಲ. ಕೊನೆಯದನ್ನು ಅವಳ ಮನೆಯಲ್ಲೇ ನಿಂತು ಕೇಳಬೇಕು, ಏನಾದರೂ ಆಗಲಿ ಎಂದು ಗಟ್ಟಿ ಮಾಡಿಕೊಂಡಿದ್ದ. ಹೊತ್ತು ಇಳಿಯುವಾಗ ಮೈಕ್ರೋಬಸ್ ಹತ್ತಿದ. ಕಡಲ ದಂಡೆಯುದ್ದಕ್ಕೂ ಗಾಡಿಗಳು ಆಮೆಯಂತೆ ತೆವಳಿದವು. ಪಕ್ಕದಲ್ಲಿ ಕೂತವನು ಗುರುತು ಹಿಡಿದು ಯಾವ ಫೋನು ತಗೊಳ್ಳಲಿ ಎಂದು ಕೇಳಿದ. ಇರುವುದನ್ನೇ ಇಟ್ಟುಕೋ ಎಂದ ಹೈಸಮ್. ಅವನ ಬಾಯಿಂದ ಅಂಥ ಸಲಹೆ ಹಿಂದೆಂದೂ ಬಂದಿರಲಿಲ್ಲ.

ಉಮ್ಮ್ ಗಿರ್ಗಿಸ್ ಬೀಗದ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೇ ಕಾಯುತ್ತಿದ್ದಳು.

"ನಿನ್ನೆಯಿಂದ ನಿದ್ದೆ ಇಲ್ಲ ನಂಗೆ," ಎಂದಳು. "ಒಂದು ಮಾತು ನೆನಪಾಯ್ತು. ನಿಮ್ಮಮ್ಮ ಇದ್ದಾಗ್ಲೂ ಈ ಹೊತ್ತಿಗೆ ಫೋನ್ ಹಿಡ್ಕೊಂಡು ಬಾಲ್ಕನೀಲಿ ನಿಲ್ಲೋಳು. ಒಂದು ರನ್ನಾ ಬರೋದು. ಇವಳೂ ತಿರುಗಿ ಒಂದು ಕೊಡೋಳು. ಅಷ್ಟೇ, ಒಳಗೆ ಹೋಗಿ ಅಡುಗೆ. ಎಷ್ಟೋ ವರ್ಷದಿಂದ."

"ಯಾರದು ಅಂತ ಕೇಳ್ಲಿಲ್ವಾ?"

"ಕೇಳದೆ ಬಿಡ್ತೀನಾ? ಕಾಲೇಜು ಹುಡುಗೀರ ಹಾಗೆ ಆಡ್ತೀಯಲ್ಲೇ ಬಹೀಜಾ, ಯಾರೇ ಅವನು ಅಂದೆ. ಮಾತು ಬರದವನು ಒಬ್ಬ ಇದಾನೆ ಅಂದ್ಲು. ಟ್ಯೂನ್ ಹಾಕಿಸಿದ್ದೂ ಅದಾದ್ಮೇಲೇ. ನಕ್ಕಿದ್ದೇ ನಕ್ಕಿದ್ದು ಅವತ್ತು."

ಬಾಗಿಲು ತೆರೆದಾಗ ಮುಚ್ಚಿದ ಮನೆಯ ವಾಸನೆಯ ಜೊತೆಗೆ ಒಣ ಪುದೀನದ ವಾಸನೆಯೂ ಬಂತು. ಉಮ್ಮ್ ಗಿರ್ಗಿಸ್ ಹೊಸಿಲು ದಾಟಲಿಲ್ಲ. ಹೈಸಮ್ ಒಳಗೆ ಹೋದ. ಬಾಲ್ಕನಿಯ ಕದದ ಸಂದಿಯಿಂದ ಕೆಂಪು ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಫೋನು ಅಲ್ಲೇ ಇತ್ತು, ಧೂಳು ಹಿಡಿದು. ತನ್ನ ಫೋನನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ಅದು ಹೊತ್ತಿಕೊಂಡಿತು. ಮರದ ಮೇಲೆ ಗುಂಯ್ ಎನ್ನುತ್ತ ತಾನಾಗಿಯೇ ಬೆರಳಷ್ಟು ಜರುಗಿತು. ಧೂಳಿನ ಕೆಳಗೆ ಹೆಸರು ಕಾಣುತ್ತಿತ್ತು. ಇಸ್ಮತ್.

ಇಸ್ಮತ್ ಅವನ ಅಪ್ಪ.

ಹೈಸಮ್ ಶಾಲೆಯಲ್ಲಿದ್ದಾಗ ಅವನು ತಲಾಖ್ ಕೊಟ್ಟು ಸುಯೇಜ್‌ಗೆ ಹೋಗಿ ಬೇರೆ ಸಂಸಾರ ಕಟ್ಟಿಕೊಂಡಿದ್ದ. ಅಂದಿನಿಂದ ಹೈಸಮ್ ಆ ಹೆಸರೆತ್ತಿರಲಿಲ್ಲ, ತಾಯಿಯೂ ಎತ್ತಿರಲಿಲ್ಲ. ಅವಳನ್ನು ಮಣ್ಣು ಮಾಡಿದ ದಿನ ಇದೇ ಉಮ್ಮ್ ಗಿರ್ಗಿಸ್, "ಅಪ್ಪನಿಗೆ ತಿಳಿಸಿದೆಯಾ ಮಗಾ?" ಎಂದು ಕೇಳಿದ್ದಳು. "ಯಾವ ಅಪ್ಪ?" ಎಂದು ಎಲ್ಲರ ಮುಂದೆ ಗದರಿಬಿಟ್ಟಿದ್ದ. ಮತ್ತೆ ಯಾರೂ ಕೇಳಲಿಲ್ಲ. ಸುಯೇಜಿಗೆ ಸುದ್ದಿ ಮುಟ್ಟಿಸಬೇಕಾದವನು ಅವನೊಬ್ಬನೇ, ಅವನು ಮುಟ್ಟಿಸಲಿಲ್ಲ.

ಗುಂಯ್ ನಿಂತಿತು. ಹೈಸಮ್ ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರುವಾಯಿತು.

ಆಗ ಅವನಿಗೆ ಎಲ್ಲ ಹೊಳೆಯಿತು. ಒಂದೇ ರಿಂಗಿಗೆ ಕಟ್ ಮಾಡುವ ಗಂಡಸಿಗೆ ಕಟ್ ಮಾಡಬೇಡ ಎಂದು ಹೇಳಲು ಅವಳಿಗೆ ಇದ್ದದ್ದು ಆ ಟ್ಯೂನೊಂದೇ ಜಾಗ. ರನ್ನಾ ಎತ್ತುವ ಹಾಗಿಲ್ಲ, ಬಾಯಿ ಬಿಟ್ಟು ಕರೆಯಲು ಅಭಿಮಾನ ಬಿಡುವುದಿಲ್ಲ. ಇಸ್ಮತ್ ಕೇಳಿಸಿಕೊಂಡೂ ಕಟ್ ಮಾಡುತ್ತಲೇ ಇದ್ದ. ಚಳಿಗಾಲದ ಒಂದು ಸಂಜೆ ತಿರುಗಿ ರನ್ನಾ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಂದಿನಿಂದ ಅವನು ಕಟ್ ಮಾಡುವುದನ್ನು ನಿಲ್ಲಿಸಿ, ಅವಳು ಹೇಳಿದ ಹಾಗೆ ತಾಳಿಕೊಂಡು ಕೂತಿದ್ದ. ತನಗೆ ಹೇಳಿದ್ದು ಎಂದು ಹೈಸಮ್ ದಿನಾ ಬೆಳಿಗ್ಗೆ ಎದೆಗವುಚಿಕೊಳ್ಳುತ್ತಿದ್ದ ಮಾತು ತನ್ನದಾಗಿರಲೇ ಇಲ್ಲ.

ಫೋನು ಬಡಿದುಕೊಳ್ಳುತ್ತಿತ್ತು. ಈ ಗಳಿಗೆಯಲ್ಲಿ ಸುಯೇಜಿನಲ್ಲಿ ಒಬ್ಬ ಮುದುಕನ ಕಿವಿಯಲ್ಲಿ ಅಮ್ಮ, ಬಂದೆ ಬಂದೆ ಎನ್ನುತ್ತಿದ್ದಾಳೆ. ಇವತ್ತೇ ಕೊನೆ. ಕೆಂಪು ಗುಂಡಿ ಒತ್ತಿ ಅವನನ್ನು ಓಡಿಸಿ, ಟ್ಯೂನು ನಿಲ್ಲುವವರೆಗೂ ತಾನೇ ಕರೆ ಮಾಡುತ್ತ ಕೂರಬಹುದು. ಹೈಸಮನಿಗೆ ಅದೇ ಬೇಕಿತ್ತು, ಅದಕ್ಕೇ ಬಂದಿದ್ದ. ಹಸಿರು ಒತ್ತಿದರೆ ಅಮ್ಮನ ದನಿ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಇನ್ನೊಂದು ಸಲ ಕೇಳಬಹುದಾದರೂ, ಬಂದೆ ಎಂದವಳು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಗಿಬಿಟ್ಟ ಮೇಲೆ ಅದು ಆ ಫೈಲಿನಂತೆಯೇ.

"ಎತ್ತು ಮಗಾ," ಎಂದಳು ಹೊಸಿಲಾಚೆಯಿಂದ ಉಮ್ಮ್ ಗಿರ್ಗಿಸ್. "ಯಾರೇ ಆಗಿರ್ಲಿ. ಪಾಪ, ಕಾಯ್ತಿದಾರೆ."

ಹೈಸಮ್ ಹೆಬ್ಬೆರಳಿನಿಂದ ಧೂಳು ಒರೆಸಿ ಹಸಿರು ಒತ್ತಿದ.

ಆ ಕಡೆ ದಪ್ಪ ಉಸಿರು. ಆಮೇಲೆ ಹಳೆಯ ಗಂಟಲು ಸರಿಮಾಡಿಕೊಂಡ ಸದ್ದು.

"ಬಹೀಜಾ?"

ಹೈಸಮ್ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಎತ್ತಿದೆಯಾ? ಎತ್ತಿದೆಯಾ ಕೊನೆಗೂ?" ಮುದುಕ ನಗುತ್ತಿದ್ದನೋ ಏನೋ, ಮಾತು ತಡವರಿಸುತ್ತಿತ್ತು. "ನೀನು ಹೇಳಿದ ಹಾಗೇ ಕಟ್ ಮಾಡದೆ ಕೂತಿದೀನಿ ಕಣೆ. ಚಳಿಗಾಲದಿಂದ ದಿನಾ. ಸಿಟ್ಟು ಇಳೀತಾ? ಹಿಟ್ಟು ನಾದಿ ಆಯ್ತಾ?"

ಇಡೀ ಊರಿಗೆ ತೀರ್ಪು ಕೊಡುತ್ತಿದ್ದವನು ತಾಯಿಯ ಮೇಜಿಗೆ ಕೈ ಊರಿಕೊಂಡು ನಿಂತ. ಕೆಳಗೆ ಬೀದಿಯಲ್ಲಿ ಟ್ರಾಮ್ ಹೋಯಿತು. ಅದು ಸುಯೇಜಿಗೂ ಕೇಳಿಸಿರಬೇಕು.

"ಅಪ್ಪ," ಎಂದ. ಆ ಪದ ನಾಲಿಗೆಗೆ ಮರೆತೇಹೋಗಿತ್ತು.

"ಯಾರು?"

"ನಾನು, ಹೈಸಮ್."

"ಹೈಸು? ನೀನ್ಯಾಕೆ ಎತ್ತಿದೆ? ಅವಳೆಲ್ಲಿ?"

ಹೈಸಮ್ ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಸಾಕಾಯಿತೆಂದು ಕಾಣುತ್ತದೆ. ಆ ಕಡೆ ಫೋನು ಕಿವಿಯಿಂದ ದೂರ ಹೋಗುತ್ತಿರುವುದು, ಬೆರಳು ಗಾಜಿನ ಮೇಲೆ ತಡಕಾಡುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಜೀವಮಾನವಿಡೀ ಮಾಡಿದ್ದನ್ನೇ ಮುದುಕ ಈಗಲೂ ಮಾಡಲು ಹೊರಟಿದ್ದ.

"ಅಪ್ಪ, ಕಟ್ ಮಾಡ್ಬೇಡ," ಎಂದ ಹೈಸಮ್. "ಬಂದೆ. ಸ್ವಲ್ಪ ತಾಳು."