ಖಾಲಿ ಗಾಯರಾಣ

"ಎಲ್ಲಿ ಅದಾವ ನಿಮ್ಮ ಕುರಿ? ಒಂದರೆ ತೋರ್ಸು." ಕಂದಾಯದ ಗಿರ್ದಾವರ ಸಾಹೇಬರು ಪಹಣಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಶಂಕ್ರಮ್ಮ ಸುತ್ತ ನೋಡಿದಳು. ಸಗರ ಊರಿನ ದನಕುರಿಗಳೆಲ್ಲ ಮೇಯುವ ನಲವತ್ತು ಎಕರೆ ಗಾಯರಾಣದಲ್ಲಿ ಒಂದು ಬಾಲವೂ ಅಲ್ಲಾಡುತ್ತಿರಲಿಲ್ಲ. ಸಾಹೇಬರು ಬರುತ್ತಾರೆಂದು ಕೇಳಿ, ಬೆಳಿಗ್ಗೆ ಅವಳೇ ಗಂಡ ಮಲ್ಕಪ್ಪನಿಗೆ ಹೇಳಿ ಇನ್ನೂರು ಕುರಿಗಳನ್ನು ಗುಡ್ಡದ ಹಿಂದಕ್ಕೆ ಹೊಡೆಸಿದ್ದಳು; ಉಳಿದವರೂ ದನಗಳನ್ನು ಹೊರಗೆ ಬಿಟ್ಟಿರಲಿಲ್ಲ. ನಿಜಾಮನ ಕಾಲದಲ್ಲಿ ಕುರಿ ಎಣಿಸಿ ಪಟ್ಟಿ ವಸೂಲು ಮಾಡುತ್ತಿದ್ದರು. ಅಧಿಕಾರಿ ಬಂದರೆ ಕುರಿ ಅಡಗಿಸುವುದು ಮೂರು ತಲೆಮಾರಿನ ರೂಢಿ. ನಿಜಾಮನ ಆಳಿಕೆ ಹೋಗಿ ಮೂರು ವರ್ಷವಾದರೂ ರೂಢಿ ಹೋಗಿರಲಿಲ್ಲ.

"ಗುಡ್ಡದ ಹಿಂದ ಅದಾವ್ರಿ. ಒಂದ್ ತಾಸು ತಡೀರಿ, ಕರಸ್ತೀನಿ."

"ನಾ ಕುರಿ ಎಣಸಾಕ ಬಂದಿಲ್ಲವ್ವ, ನೆಲ ನೋಡಾಕ ಬಂದೀನಿ. ಖಾಲಿ ಬಿದ್ದದ. ದೇಶಕ್ಕ ಕಾಳು ಬೇಕಾಗ್ಯಾವ."

ಅವರ ಹಿಂದೆ ಛತ್ರಿ ಹಿಡಿದು ನಿಂತಿದ್ದವನು ಹತ್ತಿ ಗಿರಣಿಯ ಸಾವ್ಕಾರ ಮರಿಲಿಂಗಪ್ಪ. ಖಾಲಿ ನೆಲವನ್ನು ಉಳುಮೆಗೆ ಕೊಡಬೇಕೆಂಬ ಹೊಸ ಹುಕುಮಿಗೆ ಮೊದಲ ಅರ್ಜಿ ಅವನದೇ.

"ಈ ಸಾವ್ಕಾರ್ರು ಕಾಳು ಬಿತ್ತತಾರೇನ್ರಿ? ಹತ್ತಿ ತಿಂತದೇನು ನಿಮ್ಮ ದೇಶ?" ಶಂಕ್ರಮ್ಮ ಕೇಳಿದಳು.

ನೆರೆದವರು ನಕ್ಕರು. ರೈತ ಭಾಗಣ್ಣ ನಗದೆ ಮುಂದೆ ಬಂದ. "ಸಾಹೇಬ್ರ, ಈಕಿ ಕುರಿ ಹಗಲೆಲ್ಲ ಇಲ್ಲಿ ಮೇಯ್ದು ರಾತ್ರಿ ನಮ್ಮ ಹೊಲದಾಗ ಮಲಗ್ತಾವ್ರಿ. ಹಿಕ್ಕಿ ಬಿದ್ರೇನೇ ನಮಗ ಜ್ವಾಳ. ಇದನ್ನ ಉತ್ರ ಕುರಿ ಹೋದ್ವು. ಕುರಿ ಹೋದ್ರ ನಮ್ಮ ಹೊಲಾನೂ ಹೋದ್ವು."

"ಹಿಕ್ಕಿ ಎಲ್ಲಿ ಬರೀಲೋ ಮಾರಾಯ? ಪಹಣ್ಯಾಗ ಅದಕ್ಕ ಕಾಲಂ ಇಲ್ಲ."

ಶಂಕ್ರಮ್ಮ ಬಾಗಿ ಹುಲ್ಲಿನ ಬುಡದಿಂದ ಒಂದು ಹಿಡಿ ಬಾಚಿದಳು. ಮಣ್ಣಿನ ನಡುವೆ ಹಿಕ್ಕೆ ಕರ್ರಗೆ ಹೊಳೆಯಿತು. ಅದನ್ನು ತೆರೆದ ಪುಟದ ಮೇಲೆ ಸುರಿದಳು.

"ನಿನ್ನೀದು, ಇನ್ನೂ ಹಸಿ ಅದ. ಕುರಿ ನಾವು ಬಚ್ಚಿಟ್ಟೀವ್ರಿ, ತಪ್ಪು ನಮ್ದೇ. ಇದನ್ನ ಯಾರೂ ಬಚ್ಚಿಟ್ಟಿಲ್ಲಲ್ಲ! ಕಣ್ಣಿಗಿ ಕಾಣಂಗಿಲ್ಲೇನು?"

ಸಾಹೇಬರು ಪುಸ್ತಕ ಓರೆ ಮಾಡಿ ಕೊಡವಿದರು. ಆಮೇಲೆ ಬರೆದರು: "ಬೀಳು. ಉಪಯೋಗದಲ್ಲಿಲ್ಲ." ಶಾಯಿಯನ್ನು ಊದಿ ಆರಿಸಿದರು. "ತಕರಾರಿದ್ರ ಮೂವತ್ತು ದಿನದಾಗ ಶಹಾಪುರ ಕಚೇರಿಗಿ ಬಾ."

"ಬರ್ತೀನಿ. ಕುರೀನೂ ಹೊಡ್ಕೊಂಡೇ ಬರ್ತೀನಿ, ಇನ್ನೂರೂ. ಅಲ್ಲೇ ಎಣಸ್ರಿ."

ಇಳಿಹೊತ್ತಿಗೆ ಮಲ್ಕಪ್ಪ ಮಂದೆಯೊಂದಿಗೆ ಮರಳಿದಾಗ ಗಾಯರಾಣದ ನಾಲ್ಕೂ ಮೂಲೆಯಲ್ಲಿ ಗಡಿ ಗುರುತಿಗೆ ಸುಣ್ಣ ಬಳಿದ ಕಲ್ಲುಗಳು ನಿಂತಿದ್ದವು. ಕುರಿಗಳು ಅವುಗಳ ಪಕ್ಕದಿಂದಲೇ ಹಾದು ಹುಲ್ಲಿಗೆ ಬಾಯಿ ಹಾಕಿದವು. ಒಂದು ಮರಿ ಮಾತ್ರ ಹಿಂದುಳಿದು ಕಲ್ಲನ್ನು ನೆಕ್ಕತೊಡಗಿತು. ಓಡಿಸಲೆಂದು ಎತ್ತಿದ ಕೋಲನ್ನು ಶಂಕ್ರಮ್ಮ ಮೆಲ್ಲಗೆ ಇಳಿಸಿದಳು. ಮರಿ ನೆಕ್ಕಿದಲ್ಲಿ, ಸುಣ್ಣದ ಬಿಳುಪಿನ ನಡುವೆ ಅಂಗೈಯಗಲದ ಕರಿಗಲ್ಲು ಕಾಣಿಸಿತು.