ಸೆರಗಿನ ನೀಲಿ

ನಾನೊಂದು ಇಂಕ್ ಪ್ಯಾಡ್. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ಬಟ್ಟೆಯ ಹಾಸಿಗೆ. ಹುಟ್ಟಿದ ದಿನ ನಾನು ಕುಡಿದು ಮಿಕ್ಕ ಶಾಯಿ ಕಾರ್ಖಾನೆ ಪಕ್ಕದ ಹಳ್ಳಕ್ಕೆ ಹರಿದು, ಮಳೆಗಾಲ ಮುಗಿಯುವವರೆಗೂ ಕಪ್ಪೆಗಳೆಲ್ಲ ನೀಲಿಯಾಗಿದ್ದವು. ನಂಬದವರು ಕಪ್ಪೆಗಳನ್ನೇ ಕೇಳಲಿ.

ಮೊದಲು ಅಂಚೆ ಕಚೇರಿಯಲ್ಲಿದ್ದೆ. ಆಮೇಲೆ ದೊಡ್ಡಾಸ್ಪತ್ರೆಯ ಗುಮಾಸ್ತ ಚನ್ನವೀರಪ್ಪನ ಕೈಸೇರಿದೆ. ನನ್ನನ್ನು ಮುಟ್ಟದ ಹೆಬ್ಬೆಟ್ಟು ಆ ಜಿಲ್ಲೆಯಲ್ಲೇ ಇರಲಿಲ್ಲ. ಒತ್ತಿದವರು ಬೆರಳನ್ನು ತಲೆಗೂದಲಿಗೋ ಗೋಡೆಗೋ ಒರೆಸುತ್ತಿದ್ದರು. ಗೋಡೆ ನನಗಿಂತ ನೀಲಿಯಾಗಿತ್ತು.

ಸುಮಂಗಲಾ ಮಾತ್ರ ಅವ್ವನ ಸೆರಗಿಗೆ ಒರೆಸಿದಳು. ಇಪ್ಪತ್ತರ ಹುಡುಗಿ, ಕಿಡ್ನಿ ಕೆಟ್ಟು ಮಲಗಿದ್ದಳು. ಸಹಿ ಮಾಡುವ ಕೈಗೆ ಸೂಜಿ ಚುಚ್ಚಿದ್ದರು.

"ಏನ್ ಬರದದರಿ ಇದರಾಗ?" ಎಂದು ಗುಮಾಸ್ತ ಚಾಚಿದ ಹಾಳೆ ನೋಡಿ ಕೇಳಿದಳು.

"ಎಲ್ಲಾರೂ ಒತ್ತ್ಯಾರವಾ, ನೀನೂ ಒತ್ತು," ಎಂದ ಚನ್ನವೀರಪ್ಪ. ಎಡಗೈಯಿಂದ ಒತ್ತಿದಳು.

"ಹುಚ್ಚಿ, ಹೊಸಾ ಸೀರಿ ಇದು!" ಎಂದು ಬೈದಳು ಅವ್ವ ಫಕೀರವ್ವ.

"ಈಗ ಹಳೇದಾತಲ್ಲ, ನನಗ ಕೊಡು."

ಫಕೀರವ್ವ ಅಂದೇ ನಲ್ಲಿಯಡಿ ಸೋಪು ಹಚ್ಚಿ ತಿಕ್ಕಿ ತಿಕ್ಕಿ ಕಲೆ ತೆಗೆದಳು. ತಿಂಗಳೊಳಗೆ ಮಗಳು ಹೋದಳು.

ಆ ಹಾಳೆ, ಅವಳ ರಕ್ತದ, ರೋಗದ ವಿವರವನ್ನೆಲ್ಲ ಔಷಧ ಕಂಪನಿಗೆ ಕೊಡುವ ಒಪ್ಪಿಗೆಯಾಗಿತ್ತು. ವಿಷಯ ಹೊರಬಿದ್ದು ಗದ್ದಲವಾಯಿತು. ರೋಗಿಗಳ ವಿವರ ಯಾರಿಗೆ ಕೊಡಬೇಕೆಂಬುದನ್ನು ಇನ್ನು ಡಾಕ್ಟರರ ಜೊತೆ ರೋಗಿಗಳ ಮನೆಯವರೂ ಕೂತು ತೀರ್ಮಾನಿಸಲಿ ಎಂದು ಸಮಿತಿ ಮಾಡಿದರು. ಫಕೀರವ್ವನನ್ನೂ ಕರೆದರು.

"ಓದಿ ಹೇಳಲಾರದ ಒತ್ತಿಸಿದ್ದನ್ನ ವಾಪಸ್ ತಗೊಳ್ಳಾಕ ಬರಬೇಕ್ರಿ," ಎಂದಳು ಅವಳು. "ಕಂಪ್ಯೂಟರಿನಾಗಿಂದೂ ಅಳಸ್ರಿ. ಹಾಳಿ ನಮ್ಮ ಕಣ್ಣಮುಂದ ಹರೀರಿ. ನಕಲೂ ಉಳೀಬಾರದು."

ಹಾಗೆಯೇ ನಿಯಮವಾಯಿತು.

ಮುಂದಿನ ಸಭೆಯಲ್ಲಿ ಮೊದಲು ಬಂದದ್ದು ಸುಮಂಗಲಾಳ ಹಾಳೆ. ಅವಳ ಬಟ್ಟೆಬರೆ ಅವಳ ಜೊತೆಗೇ ಮಣ್ಣಿಗೆ ಹೋಗಿದ್ದವು. ಮೈ ಮುಟ್ಟಿದ ಗುರುತೆಂದು ಉಳಿದದ್ದು ಆ ಒಂದು ಹೆಬ್ಬೆಟ್ಟು. ಫಕೀರವ್ವ ಅದರ ಗೆರೆಗಳ ಮೇಲೆ ತನ್ನ ಬೆರಳಿಟ್ಟು ಕೂತೇ ಇದ್ದಳು.

"ಯವ್ವಾ, ಇದೊಂದನ್ನ ಮನೀಗೆ ಒಯ್ರಿ. ಯಾರೂ ಏನೂ ಅನ್ನಂಗಿಲ್ಲ," ಎಂದರು ಸಮಿತಿಯ ಡಾಕ್ಟರಮ್ಮ.

ಬಾಗಿಲಾಚೆ ಬೇರೆ ತಾಯಂದಿರು ಸರದಿಯಲ್ಲಿ ಕೂತಿದ್ದರು. ಫಕೀರವ್ವ ಅವರತ್ತ ನೋಡಿದಳು.

"ಅವರ ಮಕ್ಕಳದು ಹರದು, ನನ್ನ ಮಗಳದಷ್ಟ ಉಳಸೂದೇನ್ರಿ?"

ಹರಿದಳು. ಹೆಬ್ಬೆಟ್ಟಿನ ನಟ್ಟನಡುವೆ ಸೀಳಿತು.

ಹರಿದದ್ದಕ್ಕೆ ಸಾಕ್ಷಿಯಾಗಿ ಇನ್ನೊಂದು ಹಾಳೆಗೆ ಹೆಬ್ಬೆಟ್ಟು ಬೇಕಿತ್ತು. ಚನ್ನವೀರಪ್ಪ ಈ ಸಲ ಪ್ರತಿ ಸಾಲನ್ನೂ ಓದಿ ಹೇಳಿದ. ಫಕೀರವ್ವ ನನ್ನ ಮೇಲೆ ಬೆರಳೊತ್ತಿದಳು. ಒಣಗಿ ಹಪ್ಪಳವಾಗಿದ್ದ ನಾನು ಇದ್ದಬದ್ದ ಶಾಯಿಯನ್ನೆಲ್ಲ ಕೊಟ್ಟೆ. ಅವಳು ಗೋಡೆಯತ್ತ ಹೋಗಲಿಲ್ಲ. ಸೆರಗನ್ನು ಎಳೆದುಕೊಂಡು, ಮಗಳು ಒರೆಸಿದ್ದ ಜಾಗ ಹುಡುಕಿ, ಅಲ್ಲೇ ಒರೆಸಿದಳು.

ಈಗ ಹೆಬ್ಬೆಟ್ಟು ಒತ್ತಲು ಕೆಂಪು ದೀಪದ ಮಿಷನ್ ಬಂದಿದೆ. ನಾನು ಡ್ರಾಯರಿನಲ್ಲಿ ತುಕ್ಕು ಹಿಡಿದ ಗುಂಡುಪಿನ್ನುಗಳಿಗೆ ಕಥೆ ಹೇಳಿಕೊಂಡಿದ್ದೇನೆ. ಕಪ್ಪೆಗಳದ್ದು ಸುಳ್ಳು, ಒಪ್ಪಿಕೊಳ್ಳುತ್ತೇನೆ. ಆದರೆ ಸಭೆಯಿದ್ದ ದಿನ ಡ್ರಾಯರಿನ ಸಂದಿಯಿಂದ ನನಗೆ ಕಾಣುವುದು ಸುಳ್ಳಲ್ಲ: ಫಕೀರವ್ವ ಅದೇ ಸೀರೆಯುಟ್ಟು ಬರುತ್ತಾಳೆ. ಬೆರಳು ಒರೆಸಿದ ದಿನದಿಂದ ಆ ಸೆರಗಿಗೆ ನೀರು ಸೋಕಿಲ್ಲ.